ಓಟದ ಕಾರಿನ ಡೊನೇಶನ್ ಸೀಟು

ಕನ್ನಡಿಗರ ಮನೆಗಳಲ್ಲಿ ‘ಸೀಟು’ ಎಂಬ ಶಬ್ದ ಕುರ್ಚಿಯ ಅರ್ಥವನ್ನು ಕಳೆದುಕೊಂಡು ಎಷ್ಟೋ ಕಾಲವಾಯಿತು. ‘ಮಗನಿಗೆ ಸೀಟು ಸಿಕ್ಕಿತೇ?’ ಎಂದು ಊರಿನಿಂದ ಬಂದ ನೆಂಟರು ಕೇಳಿದರೆ ಅದು ರೈಲಿನ ಮಾತಲ್ಲ, ಮೆಡಿಕಲ್ ಇಲ್ಲವೆ ಎಂಜಿನಿಯರಿಂಗ್ ಕಾಲೇಜಿನ ಮಾತೆಂಬುದು ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು. ಮೆರಿಟ್ ಸೀಟು, ಪೇಮೆಂಟ್ ಸೀಟು, ಡೊನೇಶನ್ ಸೀಟು ಎಂದು ಅದರಲ್ಲಿ ಜಾತಿಗಳೂ ಹುಟ್ಟಿಕೊಂಡಿವೆ. 1984ರಲ್ಲಿ ಕರ್ನಾಟಕ ಸರಕಾರವು ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನೇ ತಂದಿತು. ಆ ಮೇಲೆ ಹಣ ಬೇರೆ ಯಾವ ಯಾವ ಹೆಸರಿನಲ್ಲಿ ದಾರಿ ಮಾಡಿಕೊಂಡಿತೆಂಬುದನ್ನು, ಕಾಲೇಜುಗಳ ಮೆಟ್ಟಿಲು ಹತ್ತಿ ಇಳಿದ ತಂದೆತಾಯಿಗಳಿಗೆ ನಾವು ಹೇಳಬೇಕಾಗಿಲ್ಲ.

ಇದೇ ಶಬ್ದವನ್ನು ಇದೇ ಅರ್ಥದಲ್ಲಿ ಬಳಸುವ ಇನ್ನೊಂದು ಲೋಕವುಂಟು. ಅದು ಫಾರ್ಮುಲಾ ಒನ್ ಮೋಟಾರು ಪಂದ್ಯದ ಲೋಕ. ಅಲ್ಲಿ 2025ರ ವರೆಗೆ ಇದ್ದವು 20 ಸೀಟುಗಳು. 2026ರಲ್ಲಿ ಹನ್ನೊಂದನೆಯ ತಂಡ ಸೇರಿ 22 ಆದವು. ಇಡೀ ಜಗತ್ತಿಗೆ ಇಷ್ಟೇ. ತಂಡಕ್ಕೆ ಹಣ ತಂದುಕೊಟ್ಟು ಚಕ್ರದ ಹಿಂದೆ ಕುಳಿತವನನ್ನು ಅಲ್ಲಿ ‘ಪೇ ಡ್ರೈವರ್’ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಡೊನೇಶನ್ ಸೀಟಿನ ಚಾಲಕ. ಹೊಗಳಿಕೆಯ ಮಾತಂತೂ ಅದಲ್ಲ. ಆದರೆ ಈ ಪಂದ್ಯದ ಚರಿತ್ರೆಯನ್ನು ಬಿಡಿಸಿ ನೋಡಿದರೆ, ಯಾರದೋ ಹಣವಿಲ್ಲದೆ ಒಳಗೆ ಬಂದವರು ಬಹಳ ಕಡಿಮೆ ಎಂಬುದು ಕಾಣುತ್ತದೆ. ಹಣ ಇತ್ತೇ ಇಲ್ಲವೇ ಎಂಬುದಕ್ಕಿಂತ ಅದು ಯಾರ ಹಣ, ಅದು ಬಂದಾಗ ಯಾರು ಎದ್ದು ಹೋಗಬೇಕಾಯಿತು ಎಂದು ಕೇಳುವುದೇ ಹೆಚ್ಚು ನ್ಯಾಯವೆಂದು ನಮಗೆ ತೋರುತ್ತದೆ.

ಮೊದಮೊದಲು ಇದು ಶ್ರೀಮಂತರ ಹವ್ಯಾಸವೇ ಆಗಿತ್ತು. ಸಯಾಮಿನ ರಾಜಕುಮಾರ ಬೀರಾ ಎಂಬವನಿಗೆ 1935ರಲ್ಲಿ, ಅವನ 21ನೆಯ ಹುಟ್ಟುಹಬ್ಬಕ್ಕೆಂದು ಸೋದರಸಂಬಂಧಿಯಾದ ರಾಜಕುಮಾರ ಚೂಳ ಒಂದು ಇ.ಆರ್.ಎ. ಪಂದ್ಯದ ಕಾರನ್ನೇ ಕಾಣಿಕೆಯಾಗಿ ಕೊಟ್ಟ. 1950ರ ಮೇ 13ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಮೊತ್ತಮೊದಲ ವಿಶ್ವ ಚಾಂಪಿಯನ್‌ಷಿಪ್ ಪಂದ್ಯ ನಡೆದಾಗ ಸಾಲಿನಲ್ಲಿ ಬೀರಾ ಕೂಡ ಇದ್ದ. ಸಿಲ್ವರ್‌ಸ್ಟೋನ್ ಎಂಬ ಈ ಊರಿನ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಕಥೆ ಮತ್ತೆ ಮತ್ತೆ ಅಲ್ಲಿಗೇ ಬರುತ್ತದೆ.

ಅದೇ ಸಾಲಿನಲ್ಲಿ ಇನ್ನೊಬ್ಬನಿದ್ದ: ಆರ್ಜೆಂಟೀನಾದ ಹುವಾನ್ ಮಾನ್ಯುವಲ್ ಫಾಂಜಿಯೋ. ಇಟಲಿಯಿಂದ ವಲಸೆ ಬಂದ ಬಡ ಕುಟುಂಬದ ಹುಡುಗ. ಬಾಲ್ಕಾರ್ಸೆ ಎಂಬ, ಆಲೂಗಡ್ಡೆ ಬೆಳೆಗೆ ಹೆಸರಾದ ಊರಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಗ್ಯಾರೇಜು ಸೇರಿದವನು. ಕೈಯಲ್ಲಿ ಕಸಬಿತ್ತು, ಕಾರಿರಲಿಲ್ಲ. ಆಗ ಊರವರೇ ವಂತಿಗೆ ಎತ್ತಿ ಅವನಿಗೊಂದು ಷೆವ್ರೊಲೆ ಕಾರು ಕೊಡಿಸಿದರು. ಆ ಮೇಲೆ, 1940ರಲ್ಲಿ, ಬ್ಯೂನಸ್ ಐರಿಸ್‌ನಿಂದ ಪೆರುವಿನ ಲೀಮಾಕ್ಕೆ ಹೋಗಿ ಮರಳುವ, ಒಂಬತ್ತು ಸಾವಿರ ಕಿಲೋಮೀಟರಿಗೂ ಮಿಕ್ಕಿದ ರಸ್ತೆ ಪಂದ್ಯವನ್ನು ಅವನು ಷೆವ್ರೊಲೆ ಕಾರಿನಲ್ಲೇ ಗೆದ್ದ. ಪರವೂರಿನಲ್ಲಿ ರಶೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿ ಸಂಘದ ಕಟ್ಟಡ ಎಬ್ಬಿಸಿದ, ರಾತ್ರಿ ಶಾಲೆ ನಡೆಸಿದ ನಮ್ಮವರಿಗೆ ಬಾಲ್ಕಾರ್ಸೆಯವರ ಈ ಕೆಲಸದ ಬೆಲೆ ಚೆನ್ನಾಗಿ ತಿಳಿದೀತು. 1949ರಲ್ಲಿ ಆರ್ಜೆಂಟೀನಾದ ಆಟೊಮೊಬೈಲ್ ಕ್ಲಬ್ಬು, ಪೆರೋನ್ ಸರಕಾರದ ಬೆಂಬಲದೊಡನೆ, ಅವನನ್ನು ಯೂರೋಪಿಗೆ ಕಳಿಸಿತು. ಆಗ ಅವನಿಗೆ 38ರ ವಯಸ್ಸು. 1951ರಲ್ಲಿ ಒಮ್ಮೆ, ಮುಂದೆ 1954ರಿಂದ 1957ರ ವರೆಗೆ ಸಾಲಾಗಿ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದ. ಅವನ ಐದು ಪಟ್ಟಗಳ ದಾಖಲೆ ಮುರಿದದ್ದು 2003ರಲ್ಲಿ.

ಫಾಂಜಿಯೋನನ್ನು ಪೇ ಡ್ರೈವರ್ ಎಂದು ಯಾರೂ ಕರೆಯಲಿಲ್ಲ. ಊರಿನ ಹಣ, ಸರಕಾರದ ಹಣ ಎರಡೂ ಅವನ ಬೆನ್ನಿಗಿದ್ದವೆಂಬುದು ಮಾತ್ರ ನಿಜ.

1968ರಲ್ಲಿ ಲೋಟಸ್ ತಂಡದ ಕಾರುಗಳು ಬ್ರಿಟಿಷರ ಹಸುರು ಬಣ್ಣವನ್ನು ಕಳಚಿ, ಗೋಲ್ಡ್ ಲೀಫ್ ಸಿಗರೇಟಿನ ಬಣ್ಣ ತೊಟ್ಟು ಬಂದವು. ಅಲ್ಲಿಂದ ಮುಂದೆ ಕಾರಿನ ಮೈಯೇ ಜಾಹೀರಾತಿನ ಗೋಡೆಯಾಯಿತು. ದೊಡ್ಡ ತಂಡಕ್ಕೆ ದೊಡ್ಡ ಪ್ರಾಯೋಜಕರು ತಾವಾಗಿ ಬರುತ್ತಾರೆ. ಅದು ಚಾಲಕನಿಗೆ ಕೋಟಿಗಟ್ಟಲೆ ಸಂಬಳ ಕೊಟ್ಟೀತು. ಹಿಂದಿನ ಸಾಲಿನ ತಂಡದ ಪಾಡು ಬೇರೆ. ಕಾರು ಕಟ್ಟಬೇಕು, ಎಂಜಿನ್ ಕೊಳ್ಳಬೇಕು, ನೂರಾರು ಜನರಿಗೆ ಸಂಬಳ ಕೊಡಬೇಕು, ಖಂಡದಿಂದ ಖಂಡಕ್ಕೆ ಸಾಮಾನು ಸಾಗಿಸಬೇಕು. ಬಹುಮಾನದ ಹಣವೋ, ಋತು ಮುಗಿದ ಮೇಲೆ ಸ್ಥಾನ ನೋಡಿ ಬರುವಂಥದು. ಇಂಥ ಹೊತ್ತಿನಲ್ಲಿ ಬಾಗಿಲಿಗೆ ಬಂದ ಹುಡುಗನೊಬ್ಬ, ‘ನನ್ನ ದೇಶದ ಕಂಪೆನಿಯೊಂದು ಇಷ್ಟು ಕೊಡುತ್ತದೆ, ನನಗೆ ಜಾಗ ಕೊಡಿ’ ಎಂದರೆ ಯಜಮಾನ ಏನು ಮಾಡಿಯಾನು? ಹೀಗಾಗಿ ಒಂದೇ ಸಾಲಿನಲ್ಲಿ ನಿಂತ ಇಬ್ಬರು ಚಾಲಕರಲ್ಲಿ ಒಬ್ಬ ಸಂಬಳ ತೆಗೆದುಕೊಳ್ಳುವವ, ಇನ್ನೊಬ್ಬ ಫೀಸು ಕಟ್ಟುವವ. ಹೊರಗಿನಿಂದ ನೋಡಿದರೆ ಇಬ್ಬರ ತಲೆಯ ಮೇಲೂ ಒಂದೇ ಬಗೆಯ ಹೆಲ್ಮೆಟ್ಟು!

ಈ ಫೀಸನ್ನು ಸಾಲ ಮಾಡಿ ಕಟ್ಟಿದವನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಿಕಿ ಲೌಡಾ 1949ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ. ಮನೆತನಕ್ಕೆ ಹಣದ ಕೊರತೆಯಿರಲಿಲ್ಲ. ಅಜ್ಜ ಹಾನ್ಸ್ ಲೌಡಾ ಆಸ್ಟ್ರಿಯಾದ ಉದ್ಯಮಿಗಳಲ್ಲೇ ಹಿರಿಯ ಹೆಸರು. ಆದರೆ ಮೊಮ್ಮಗ ಕಾರು ಓಡಿಸಿ ಹೊಟ್ಟೆ ಹೊರೆಯುವುದು ಆ ಮನೆಗೆ ಸಮ್ಮತವಿರಲಿಲ್ಲ. ಹುಡುಗ ಬ್ಯಾಂಕಿಗೆ ಹೋದ. ಪಂದ್ಯದ ಚಾಲಕನಾಗಬೇಕೆನ್ನುವವನ ಬಳಿ ಜಾಮೀನಿಗೆ ಏನಿದ್ದೀತು? ತನ್ನ ಜೀವವಿಮೆಯ ಪಾಲಿಸಿಯನ್ನೇ ಆಧಾರವಾಗಿಟ್ಟು ಸಾಲ ತಂದು, 1971ರಲ್ಲಿ ಮಾರ್ಚ್ ಎಂಬ ಬ್ರಿಟಿಷ್ ತಂಡದ ಫಾರ್ಮುಲಾ ಟೂ ಕಾರಿನಲ್ಲಿ ಜಾಗ ಕೊಂಡ. ಚಾಲಕ ಸತ್ತರೆ ಬ್ಯಾಂಕಿನ ಹಣಕ್ಕೆ ಮೋಸವಿಲ್ಲ ಎಂಬುದು ಆ ಏರ್ಪಾಡಿನ ಒಳಾರ್ಥ. ಆ ವರ್ಷಗಳಲ್ಲಿ ಪಂದ್ಯದ ಚಾಲಕರು ಎಷ್ಟು ಮಂದಿ ಸಾಯುತ್ತಿದ್ದರೆಂದು ಬಲ್ಲವರಿಗೆ ಇದು ನಗುವ ಮಾತಾಗಿ ಕಾಣದು.

ಮರುವರ್ಷಕ್ಕೆ ಇನ್ನೂ ದೊಡ್ಡ ಸಾಲ ಬೇಕಾಯಿತು, ಏಕೆಂದರೆ ಈ ಸಲ ಫಾರ್ಮುಲಾ ಒನ್ ಸೀಟೂ ಸೇರಿತ್ತು. ಬ್ಯಾಂಕು ಒಪ್ಪಿತ್ತು. ಸುದ್ದಿ ತಿಳಿದ ಅಜ್ಜ ತನ್ನ ವರ್ಚಸ್ಸು ಬಳಸಿ ಆ ಸಾಲವನ್ನು ತಡೆದ. ಮೊಮ್ಮಗ ಅಜ್ಜನೊಡನೆ ಮಾತು ಬಿಟ್ಟು, ಇನ್ನೊಂದು ಬ್ಯಾಂಕಿನ ಬಾಗಿಲು ತಟ್ಟಿ, ಅಲ್ಲಿಂದ ಹಣ ತಂದ. ಇಷ್ಟೆಲ್ಲ ಮಾಡಿ ಕೊಂಡ ಸೀಟಿನಲ್ಲಿ 1972ರ ಇಡೀ ವರ್ಷ ಒಂದು ಅಂಕವೂ ಸಿಗಲಿಲ್ಲ. ಮಾರ್ಚ್ ತಂಡದ ಆ ವರ್ಷದ ಹೊಸ ಕಾರೇ ಕೆಟ್ಟದಾಗಿತ್ತು. ಋತು ಮುಗಿಯುವ ಹೊತ್ತಿಗೆ ಜಾಗ ಹೋಯಿತು, ಸಾಲ ಉಳಿಯಿತು.

ಈ ಹಂತದಲ್ಲಿ ಬುದ್ಧಿವಂತರು ಊರಿಗೆ ಮರಳಿ ಅಜ್ಜನ ಕಾಲಿಗೆ ಬೀಳುತ್ತಿದ್ದರು. ಲೌಡಾ ಹಾಗೆ ಮಾಡದೆ 1973ಕ್ಕೆ ಬಿ.ಆರ್.ಎಂ. ತಂಡದಲ್ಲಿ ಮತ್ತೆ ಹಣ ತೆರುವ ಕರಾರಿಗೆ ಸಹಿ ಹಾಕಿದ. ಸಾಲದ ಮೇಲೆ ಸಾಲ. ಆ ವರ್ಷದ ಮೊನಾಕೊ ಪಂದ್ಯದಲ್ಲಿ, ಗೇರುಪೆಟ್ಟಿಗೆ ಕೆಡುವ ವರೆಗೆ, ಆ ಹಳೆಯ ತಂಡದ ಕಾರನ್ನು ಅವನು ಮೂರನೆಯ ಸ್ಥಾನದಲ್ಲಿ ಓಡಿಸಿದ. ಅದನ್ನು ನೋಡಿದವರಲ್ಲಿ ಎಂಜೊ ಫೆರಾರಿ ಒಬ್ಬರು. ಬಿ.ಆರ್.ಎಂ.ನಲ್ಲಿ ಜೊತೆಗಾರನಾಗಿದ್ದ ಕ್ಲೇ ರೆಗಾಝೋನಿ ಫೆರಾರಿ ತಂಡಕ್ಕೆ ಮರಳುವಾಗ ಇವನ ಬಗ್ಗೆ ಒಳ್ಳೆಯ ಮಾತಾಡಿದ. 1974ರಲ್ಲಿ ಲೌಡಾ ಫೆರಾರಿ ಸೇರಿದ, ಸಾಲ ತೀರಿಸಿದ. 1975ರಲ್ಲಿ ವಿಶ್ವ ಚಾಂಪಿಯನ್ ಆದ. 1976ರ ಆಗಸ್ಟ್ 1ರಂದು ಜರ್ಮನಿಯಲ್ಲಿ ಉರಿಯುವ ಕಾರಿನಲ್ಲಿ ಸಿಕ್ಕಿ ಸಾಯುವುದರಲ್ಲಿದ್ದು, ಆರು ವಾರದಲ್ಲಿ ಮತ್ತೆ ಪಂದ್ಯಕ್ಕೆ ಬಂದದ್ದು, 1977 ಮತ್ತು 1984ರಲ್ಲಿ ಪುನಃ ಪಟ್ಟ ಗೆದ್ದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ 1972ರ ಕೊನೆಯಲ್ಲಿ ಯಾರಾದರೂ ಲೆಕ್ಕ ಹಾಕಿದ್ದರೆ, ಲೌಡಾ ಸಾಲದ ಹಣದಲ್ಲಿ ಸೀಟು ಕೊಂಡು ಫೇಲಾದ ಶ್ರೀಮಂತರ ಮನೆಯ ಹುಡುಗ, ಅಷ್ಟೆ.

ಇನ್ನು ಸಿಲ್ವರ್‌ಸ್ಟೋನ್‌ಗೆ ಬರೋಣ. ಡಬ್ಲಿನ್ನಿನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದ ಎಡ್ಡಿ ಜೋರ್ಡನ್ ಅಲ್ಲಿ ಕಟ್ಟಿದ ತಂಡ 1991ರಲ್ಲಿ ಫಾರ್ಮುಲಾ ಒನ್‌ಗೆ ಬಂತು. ಆ ವರ್ಷ ಅದರ ಚಾಲಕ ಬರ್ಟ್ರಾಂಡ್ ಗಾಷೊ, ಲಂಡನ್ನಿನ ಟ್ಯಾಕ್ಸಿಯವನೊಬ್ಬನ ಮುಖಕ್ಕೆ ಕಣ್ಣುರಿಯ ಅನಿಲ ಸಿಂಪಡಿಸಿ ಜೈಲಿಗೆ ಹೋದ. ಬೆಲ್ಜಿಯಂ ಪಂದ್ಯಕ್ಕೆ ಸೀಟು ಖಾಲಿ. ಆಗ ಮರ್ಸಿಡಿಸ್ ಕಂಪೆನಿ ತಾನು ಸಾಕುತ್ತಿದ್ದ ಜರ್ಮನ್ ಹುಡುಗನಿಗಾಗಿ ಹಣ ಕಟ್ಟಿತು. ಸುಮಾರು ಒಂದೂವರೆ ಲಕ್ಷ ಡಾಲರೆಂದು ಪ್ರಸಿದ್ಧಿ. ಹುಡುಗನ ತಂದೆ ಇಟ್ಟಿಗೆ ಕೆಲಸದವನು. ಹುಡುಗ ಏಳನೆಯ ಸ್ಥಾನದಿಂದ ಹೊರಟ, ಮೊದಲ ಸುತ್ತಿನಲ್ಲೇ ಕ್ಲಚ್ಚು ಹೋಗಿ ನಿಂತ, ಮುಂದಿನ ಪಂದ್ಯದ ಹೊತ್ತಿಗೆ ಬೆನೆಟನ್ ತಂಡ ಅವನನ್ನು ಎಗರಿಸಿಕೊಂಡು ಹೋಯಿತು. ಫಾಂಜಿಯೋನ ದಾಖಲೆಯನ್ನು 2003ರಲ್ಲಿ ಮುರಿದ ಮೈಕೆಲ್ ಶುಮಾಕರ್ ಇವನೇ. ಏಳು ಬಾರಿಯ ಈ ಚಾಂಪಿಯನ್ನನ ಮೊದಲ ಸೀಟು ಹಣ ಕೊಟ್ಟು ಕೊಂಡದ್ದು.

ಅದೇ ಜೋರ್ಡನ್ ತಂಡದಲ್ಲಿ 2005ರಲ್ಲಿ ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯರಾದರು. ಬೆನ್ನಿಗೆ ಟಾಟಾ, ಭಾರತ್ ಪೆಟ್ರೋಲಿಯಂ ನಿಂತಿದ್ದವು. ಆ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಟೈರಿನ ತಕರಾರಿನಿಂದ 14 ಕಾರುಗಳು ಹಿಂದೆ ಸರಿದು ಕೇವಲ ಆರು ಓಡಿದವು. ಕಾರ್ತಿಕೇಯನ್ ನಾಲ್ಕನೆಯವರಾಗಿ 5 ಅಂಕ ಪಡೆದರು. ಭಾರತೀಯ ಚಾಲಕನೊಬ್ಬ ಗಳಿಸಿದ ಅಂಕಗಳು 2025ರ ಕೊನೆಯ ವರೆಗೂ ಅವಷ್ಟೇ. ಎರಡನೆಯವರು ಚೆನ್ನೈಯ ಕರುಣ್ ಚಾಂದೋಕ್. 2010ರಲ್ಲಿ ಹಿಸ್ಪಾನಿಯಾ ಎಂಬ ಬಡ ತಂಡದಲ್ಲಿ ಹತ್ತು ಪಂದ್ಯ ಓಡಿಸಿದರು. ಅಷ್ಟರಲ್ಲಿ ಪ್ರಾಯೋಜಕರ ಬಲವಿದ್ದ ಜಪಾನಿನ ಸಕೋನ್ ಯಾಮಾಮೊಟೊ ಬಂದರು, ಚಾಂದೋಕ್ ಎದ್ದರು. ಮೂರನೆಯ ಭಾರತೀಯ ಇನ್ನೂ ಬಂದಿಲ್ಲ.

ಇಷ್ಟರಲ್ಲಿ ಸಿಲ್ವರ್‌ಸ್ಟೋನಿನ ತಂಡ ಕೈಯಿಂದ ಕೈಗೆ ಹೋಗಿ, 2007ರಲ್ಲಿ ವಿಜಯ್ ಮಲ್ಯರ ಪಾಲಿಗೆ ಬಂದು ‘ಫೋರ್ಸ್ ಇಂಡಿಯಾ’ ಆಯಿತು. ಬಂಟ್ವಾಳ ಮೂಲದ ಮನೆತನ, ಬೆಂಗಳೂರಿನ ಬಿಯರ್ ಸಾಮ್ರಾಜ್ಯ. ನಮ್ಮವರ ತಂಡವೆಂದು ಹಿಗ್ಗಿದವರಲ್ಲಿ ನಾವೂ ಇದ್ದೆವು. ತಂಡ ಓಡಿದ್ದೂ ಚೆನ್ನಾಗಿಯೇ. 2016, 2017ರಲ್ಲಿ ತಂಡಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ. ಆದರೆ ಹೆಸರಿನಲ್ಲಿ ಇಂಡಿಯಾ ಇದ್ದ ಆ ತಂಡದ ಪಂದ್ಯದ ಸೀಟಿನಲ್ಲಿ ಒಬ್ಬ ಭಾರತೀಯನೂ ಕೂರಲಿಲ್ಲ. 2011ರ ಅಕ್ಟೋಬರಿನಲ್ಲಿ ದಿಲ್ಲಿಯ ಬಳಿ ಭಾರತದ ಮೊದಲ ಗ್ರ್ಯಾನ್ ಪ್ರಿ ನಡೆದಾಗಲೂ ಕಾರ್ತಿಕೇಯನ್ ಓಡಿಸಿದ್ದು ಹಿಸ್ಪಾನಿಯಾ ಕಾರನ್ನು.

ತಂಡಕ್ಕೆ ಹಣ ತರುವ ಚಾಲಕನೆಂದರೆ ಎಂಥ ಬಲೆ ಎಂಬುದನ್ನು ನೋಡಲು ಆ ವರ್ಷಗಳ ವಿಲಿಯಮ್ಸ್ ತಂಡವೇ ಸಾಕು. 2010ರ ಬ್ರೆಝಿಲ್ ಪಂದ್ಯದಲ್ಲಿ ಜರ್ಮನಿಯ ಹೊಸ ಹುಡುಗ ನಿಕೊ ಹುಲ್ಕೆನ್‌ಬರ್ಗ್ ಎಲ್ಲರಿಗಿಂತ ಮುಂದೆ, ಮೊದಲ ಸ್ಥಾನದಿಂದ ಹೊರಡುವ ಹಕ್ಕು ಗಳಿಸಿದ. ವರ್ಷ ಮುಗಿಯುತ್ತಲೇ ಅವನ ಸೀಟು ಹೋಯಿತು. ಬಂದವನು ವೆನೆಝುವೆಲಾದ ಪಾಸ್ಟರ್ ಮಾಲ್ಡೊನಾಡೊ. ಜೊತೆಗೆ ಬಂದದ್ದು ಆ ದೇಶದ ಸರಕಾರಿ ತೈಲ ಕಂಪೆನಿಯ ಹಣ, ವರ್ಷಕ್ಕೆ ಕೋಟಿಗಟ್ಟಲೆ ಡಾಲರು. ಮಾಲ್ಡೊನಾಡೊನನ್ನು ದಡ್ಡನೆನ್ನುವಂತಿಲ್ಲ. 2012ರಲ್ಲಿ ಸ್ಪೇನ್ ಪಂದ್ಯವನ್ನು ಅವನು ಗೆದ್ದ. ವಿಲಿಯಮ್ಸ್‌ಗೆ ಎಂಟು ವರ್ಷದಲ್ಲಿ ಅದೇ ಮೊದಲ ಗೆಲುವು, 2025ರ ವರೆಗೆ ಅದೇ ಕೊನೆಯದು. ಆದರೆ ಅಧ್ಯಕ್ಷ ಚಾವೆಝ್ 2013ರಲ್ಲಿ ತೀರಿಕೊಂಡ ಮೇಲೆ ದೇಶದ ಬೊಕ್ಕಸ ಬರಿದಾಗುತ್ತ ಬಂತು. 2016ರ ಆರಂಭದಲ್ಲಿ ಹಣ ನಿಂತಿತು, ಸೀಟೂ ನಿಂತಿತು. ಪರದೇಶದಲ್ಲಿ ಗಂಟೆಗೆ ಮುನ್ನೂರು ಕಿಲೋಮೀಟರು ಓಡುವ ಆ ಕಾರಿನ ಹಣ ಒಂದು ಬಡ ದೇಶದ ಪ್ರಜೆಗಳದೆಂಬುದನ್ನೂ ಮರೆಯಬಾರದು. ಇತ್ತ ಹುಲ್ಕೆನ್‌ಬರ್ಗ್ 2011ರಲ್ಲಿ ಫೋರ್ಸ್ ಇಂಡಿಯಾ ಸೇರಿ ಮೀಸಲು ಚಾಲಕನಾಗಿ ಬೆಂಚಿನ ಮೇಲೆ ಕುಳಿತ.

ಸ್ವಿಟ್ಸರ್ಲೆಂಡಿನ ಸೌಬರ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಮುಖ್ಯಸ್ಥೆ ಮೊನಿಷಾ ಕಾಲ್ಟೆನ್‌ಬಾರ್ನ್. ಹುಟ್ಟಿದ್ದು ನಮ್ಮ ಡೆಹರಾಡೂನ್‌ನಲ್ಲಿ, ಬೆಳೆದದ್ದು ವಿಯೆನ್ನಾದಲ್ಲಿ, ಓದಿದ್ದು ಕಾನೂನು. 2015ಕ್ಕೆ ಸೌಬರ್‌ನ ಎರಡು ಸೀಟುಗಳಿಗೆ ಮೂವರು ಹಕ್ಕುದಾರರು ಗಂಟುಬಿದ್ದರು. ಮೊದಲೇ ಹಣ ಕಟ್ಟಿದ್ದ ಹಾಲೆಂಡಿನ ಗೀಡೊ ವಾನ್ ಡರ್ ಗಾರ್ಡೆ ಮೆಲ್ಬರ್ನಿನ ಕೋರ್ಟಿಗೆ ಹೋಗಿ ಗೆದ್ದ. ಪಂದ್ಯದ ಅಭ್ಯಾಸದ ದಿನ ಬೇರೊಬ್ಬನ ಉಡುಪು ತೊಟ್ಟು ಗ್ಯಾರೇಜಿಗೆ ಬಂದೂಬಿಟ್ಟ. ಆ ಹೊತ್ತಿನ ಅಭ್ಯಾಸಕ್ಕೆ ಸೌಬರ್ ಕಾರುಗಳು ಹೊರಗೆ ಬರಲೇ ಇಲ್ಲ. ಕೊನೆಗೆ ಅವನಿಗೆ ಒಂದೂವರೆ ಕೋಟಿ ಯೂರೋದಷ್ಟು ಕೊಟ್ಟು ರಾಜಿಯಾಯಿತೆಂದು ಪತ್ರಿಕೆಗಳು ಬರೆದವು. ಒಂದೇ ಸೈಟನ್ನು ಇಬ್ಬರಿಗೆ ಮಾರಿದ ಕಥೆ ನಮ್ಮೂರುಗಳಲ್ಲೂ ಕೇಳಿದ್ದೇವೆ. ಮಾರಿದವನು ಹಣ ಹಿಂತಿರುಗಿಸಿದ್ದು ಮಾತ್ರ ಅಪರೂಪ.

ಮಲ್ಯರ ವಿಮಾನ ಕಂಪೆನಿ 2012ರಲ್ಲಿ ನಿಂತಿತು, ಸಿಬ್ಬಂದಿಯ ಸಂಬಳ ಬಾಕಿ ಉಳಿಯಿತು. 2016ರಲ್ಲಿ ಅವರು ದೇಶ ಬಿಟ್ಟರು. 2018ರ ಜುಲೈಯಲ್ಲಿ ಫೋರ್ಸ್ ಇಂಡಿಯಾ ದಿವಾಳಿಯ ಅಂಚಿಗೆ ಬಂದು ಲಂಡನ್ ಕೋರ್ಟಿನ ಆಡಳಿತಾಧಿಕಾರಿಗಳ ವಶವಾಯಿತು. ಅರ್ಜಿ ಹಾಕಿದವನು ತಂಡದ ಚಾಲಕನೇ ಆದ ಸೆರ್ಗಿಯೊ ಪೆರೆಝ್. ಅವನಿಗೆ ತಂಡದಿಂದ ಹಣ ಬರಬೇಕಾಗಿತ್ತು. ಆದರೆ ನಾನೂರಕ್ಕೂ ಹೆಚ್ಚು ಜನರ ಕೆಲಸ ಉಳಿಯಲೆಂದೇ ಹೀಗೆ ಮಾಡಿದೆನೆಂದ. ಕೆಲಸ ಉಳಿದವು. ಕೆನಡಾದ ಕೋಟ್ಯಧಿಪತಿ ಲಾರೆನ್ಸ್ ಸ್ಟ್ರಾಲ್ ಮತ್ತು ಜೊತೆಗಾರರು ತಂಡವನ್ನೇ ಕೊಂಡರು.

ಲಾರೆನ್ಸ್ ಸ್ಟ್ರಾಲ್‌ಗೆ ಲ್ಯಾನ್ಸ್ ಎಂಬ ಮಗನಿದ್ದಾನೆ. ಆಗ ಅವನು ವಿಲಿಯಮ್ಸ್‌ನ ಚಾಲಕ. ಅಪ್ಪ ತಂಡ ಕೊಂಡ ಮೇಲೆ ಮಗ ಎಲ್ಲಿಗೆ ಬಂದನೆಂದು ಹೇಳಬೇಕೆ? ಎದ್ದು ಹೋದವನು ಫ್ರಾನ್ಸಿನ ಎಸ್ಟೆಬಾನ್ ಒಕಾನ್. ಇವನ ತಂದೆ ಗ್ಯಾರೇಜಿನ ಮೆಕ್ಯಾನಿಕ್. ಮಗನ ಓಟಕ್ಕಾಗಿ ಮನೆ ಮಾರಿ, ಕ್ಯಾರವಾನ್ ಬಂಡಿಯಲ್ಲಿ ಸಂಸಾರ ಹೂಡಿ, ಪಂದ್ಯದಿಂದ ಪಂದ್ಯಕ್ಕೆ ಅಲೆದ ಕುಟುಂಬ ಅದು. 2019ರಲ್ಲಿ ಒಕಾನ್‌ಗೆ ಸೀಟಿಲ್ಲ. ಲ್ಯಾನ್ಸ್ ಕೂಡ ಕೈಲಾಗದವನೇನಲ್ಲ. 2016ರ ಯೂರೋಪಿಯನ್ ಫಾರ್ಮುಲಾ ತ್ರೀ ಚಾಂಪಿಯನ್, 18ರ ವಯಸ್ಸಿನಲ್ಲೇ ಫಾರ್ಮುಲಾ ಒನ್‌ನಲ್ಲಿ ಮೂರನೆಯ ಸ್ಥಾನ ಪಡೆದವನು. ಆದರೂ ಆ ವರ್ಷ ಆ ಸೀಟಿಗೆ ಇಬ್ಬರಲ್ಲಿ ಯಾರು ಅರ್ಹರೆಂಬ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿ ಬರಲಿಲ್ಲ. ಒಕಾನ್ 2020ರಲ್ಲಿ ರೆನೋ ತಂಡದ ಮೂಲಕ ಮರಳಿ ಬಂದು, 2021ರಲ್ಲಿ ಹಂಗೆರಿಯ ಪಂದ್ಯ ಗೆದ್ದ. ಅದೇ ವರ್ಷ ಸಿಲ್ವರ್‌ಸ್ಟೋನಿನ ತಂಡಕ್ಕೆ ಆಸ್ಟನ್ ಮಾರ್ಟಿನ್ ಎಂಬ ಹೆಸರಾಯಿತು.

ಈಗ ಹಣದಷ್ಟೇ ಅರ್ಹತೆಯೂ ಬೇಕು. 2016ರಿಂದ, ಕೆಳಗಿನ ದರ್ಜೆಯ ಪಂದ್ಯಗಳಲ್ಲಿ ಮೂರು ವರ್ಷದೊಳಗೆ 40 ಅಂಕ ಗಳಿಸದವನಿಗೆ ಫಾರ್ಮುಲಾ ಒನ್ ಪರವಾನಗಿಯೇ ಸಿಗದು. 2021ರಿಂದ ತಂಡಗಳ ಖರ್ಚಿಗೂ ಮಿತಿ ಬಂದಿದೆ. ಮೊದಲಿನಂತೆ ಸೀಟು ಮಾರಿ ಬದುಕುವ ಗತಿ ತಂಡಗಳಿಗಿಲ್ಲ. ಒಳ್ಳೆಯದೇ. ಆದರೆ ಆ 40 ಅಂಕ ಗಳಿಸುವ ದಾರಿಗೆ ಹಣ ಬೇಕಲ್ಲ! ಕಾರ್ಟ್ ಎಂಬ ಪುಟ್ಟ ಬಂಡಿಯಿಂದ ಹಿಡಿದು ಫಾರ್ಮುಲಾ ಟೂ ವರೆಗೆ ಪ್ರತಿ ಮೆಟ್ಟಿಲಿಗೂ ಬೆಲೆಯುಂಟು. ಫಾರ್ಮುಲಾ ಟೂನಲ್ಲಿ ಒಂದು ಋತುವಿಗೆ 20 ಲಕ್ಷ ಯೂರೋ ಮೀರುತ್ತದೆಂಬುದು ಆ ವಲಯದ ಲೆಕ್ಕ. ನಮ್ಮ ರೂಪಾಯಿಯಲ್ಲಿ ಇಪ್ಪತ್ತು ಕೋಟಿ. ಅಂದರೆ ಡೊನೇಶನ್ ಹೋಗಿಲ್ಲ, ಮೆಡಿಕಲ್ ಕಾಲೇಜಿನ ಬಾಗಿಲಿನಿಂದ ಶಿಶುವಿಹಾರದ ಬಾಗಿಲಿಗೆ ಸರಿದಿದೆ. ಇಟ್ಟಿಗೆ ಕೆಲಸದವನ ಮಗ, ಮೆಕ್ಯಾನಿಕ್ಕನ ಮಗ ಇನ್ನು ಮುಂದೆ ಈ ಸಾಲಿನಲ್ಲಿ ಕಾಣಸಿಗುವುದು ಕಷ್ಟವೆಂದು ನಮ್ಮ ಅಂದಾಜು.

ಫೋರ್ಸ್ ಇಂಡಿಯಾ 2011ರಲ್ಲಿ ದೇಶದಾದ್ಯಂತ ಹುಡುಕಿ ಆರಿಸಿದ ಮೂವರು ಹುಡುಗರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಮತ್ತು ನಮ್ಮ ಮುಂಬಯಿಯ ಪಾರ್ಸಿ ಹುಡುಗ ಜೆಹಾನ್ ದಾರೂವಾಲಾ ಇದ್ದರು. ಇಬ್ಬರೂ ಉದ್ಯಮಿಗಳ ಮನೆಯವರು, ಇಬ್ಬರೂ ಫಾರ್ಮುಲಾ ಟೂ ವರೆಗೆ ಹೋದರು; ದಾರೂವಾಲಾ ಅಲ್ಲಿ ಪಂದ್ಯಗಳನ್ನೂ ಗೆದ್ದರು. ಮೇಲಿನ ಮೆಟ್ಟಿಲು ಇಬ್ಬರಿಗೂ ಸಿಗಲಿಲ್ಲ. ಅರ್ಜುನನ ತಮ್ಮ ಕುಶ್ ಮೈನಿ 2025ರ ಮೇಯಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂ ಕಿರು ಪಂದ್ಯ ಗೆದ್ದಾಗ, ಲೌಡಾ ಬೆಳಕಿಗೆ ಬಂದ ಆ ಬೀದಿಗಳಲ್ಲಿ ನಮ್ಮ ರಾಷ್ಟ್ರಗೀತೆ ಕೇಳಿಸಿತು. ಆ ವರ್ಷ ಅವರು ಆಲ್ಪೀನ್ ತಂಡದ ಮೀಸಲು ಚಾಲಕರೂ ಆಗಿದ್ದರು. ಹದಿನಾಲ್ಕು ವರ್ಷಗಳ ಹಿಂದೆ ಹುಲ್ಕೆನ್‌ಬರ್ಗ್ ಕುಳಿತಿದ್ದುದು ಅಂಥದೇ ಬೆಂಚಿನ ಮೇಲೆ.

ಆ ಹುಲ್ಕೆನ್‌ಬರ್ಗ್ ಬೆಂಚಿನಿಂದ ಎದ್ದು, ತಂಡದಿಂದ ತಂಡಕ್ಕೆ ಅಲೆದು, ಮಧ್ಯೆ ಸೀಟು ಕಳೆದುಕೊಂಡು, ಪುನಃ ಪಡೆದು, ಓಡುತ್ತಲೇ ಇದ್ದ. ಮೊದಲ ಮೂವರೊಳಗೆ ಒಮ್ಮೆಯೂ ಬಂದಿರಲಿಲ್ಲ. 2025ರ ಜುಲೈ 6ರಂದು ಸಿಲ್ವರ್‌ಸ್ಟೋನ್‌ನಲ್ಲಿ, ಮಳೆಯಲ್ಲಿ, ಸೌಬರ್ ಕಾರಿನಲ್ಲಿ ಹತ್ತೊಂಬತ್ತನೆಯ ಸ್ಥಾನದಿಂದ ಹೊರಟ. ಅದು ಅವನ 239ನೆಯ ಪಂದ್ಯ, ವಯಸ್ಸು 37. ಸುತ್ತು ಸುತ್ತಿಗೆ ಒಬ್ಬೊಬ್ಬರನ್ನೇ ಹಿಂದಿಕ್ಕುತ್ತ ನಾಲ್ಕನೆಯ ಸ್ಥಾನಕ್ಕೆ ಬಂದಾಗ ಎದುರಿಗಿದ್ದುದು ಹಸುರು ಬಣ್ಣದ ಆಸ್ಟನ್ ಮಾರ್ಟಿನ್, ಅದರೊಳಗೆ ಲ್ಯಾನ್ಸ್ ಸ್ಟ್ರಾಲ್. ಅವನನ್ನೂ ದಾಟಿ ಮೂರನೆಯವನಾಗಿ ಗುರಿ ಮುಟ್ಟಿದ. ಆ ಹಸುರು ಕಾರು ತಯಾರಾದ ಕಾರ್ಖಾನೆ ಇರುವುದು ಪಂದ್ಯದ ಬಯಲಿನ ಎದುರಿಗೇ, ರಸ್ತೆಯ ಆಚೆ ಬದಿಯಲ್ಲಿ.